ಮಲ್ಪೆಯ ಬೋರ್ಡಿಲ್ಲದ ಹೋಟೆಲು: ನಂಗು ಫ್ರೈ ಬೇಕಿದ್ದರೆ ಇಲ್ಲಿಗೆ

ಉಡುಪಿ ಹತ್ತಿರದ ಮಲ್ಪೆಗೆ ಬಂದವರು ಅಂಜಲ್, ಕಾಣೆ, ಮಾಂಜಿ ಮೀನು ಅಂತ ಕೇಳುತ್ತಾರೆ. ನಂಗು ಅನ್ನುವ ಚಪ್ಪಟೆ ಮೀನು ಕೇಳುವವರು ಕಡಿಮೆ. ಎಷ್ಟೋ ಹೋಟೆಲಿನವರು ಮೆನುವಿನಲ್ಲಿ ಅದನ್ನು ಹಾಕುವುದೂ ಇಲ್ಲ, ಅಗ್ಗದ ಮೀನು ಅಲ್ವಾ. ಬೋಟುಗಳು ಮೀನು ಇಳಿಸುವ ದಕ್ಕೆಯಿಂದ ನಡೆದೇ ಹೋಗಬಹುದಾದ ಈ ಹೋಟೆಲಿನಲ್ಲಿ ಮಾತ್ರ ಅದಕ್ಕೆ ಮರ್ಯಾದೆ ಉಂಟು. ಬೋರ್ಡಿಲ್ಲ, ಹೆಂಚಿನ ಮಾಡು, ನಾಲ್ಕೈದು ಬೆಂಚು, ಹೊರಗೆ ಕೈ ತೊಳೆಯಲು ಒಂದು ಡ್ರಮ್ಮು.

ನಂಗು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕರಾವಳಿಯಲ್ಲೂ ಕೇರಳದಲ್ಲೂ ಜಾಸ್ತಿ ಸಿಗುವುದು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್ ಅನ್ನುವ ಜಾತಿ. ನಾಲಿಗೆಯ ಹಾಗೆ ಚಪ್ಪಟೆ, ಸಾಮಾನ್ಯವಾಗಿ 12ರಿಂದ 15 ಸೆಂಟಿಮೀಟರ್ ಉದ್ದ. ಎರಡು ಕಣ್ಣೂ ಎಡಗಡೆಯಲ್ಲೇ! ಹುಟ್ಟುವಾಗ ಹಾಗಿರುವುದಿಲ್ಲ. ಮರಿ ಬೇರೆ ಮೀನುಗಳ ಹಾಗೆಯೇ ನೆಟ್ಟಗೆ ಈಜಿಕೊಂಡು ಇರುತ್ತದೆ, ಆಮೇಲೆ ಬಲಗಣ್ಣು ನಿಧಾನವಾಗಿ ತಲೆ ಸುತ್ತಿಕೊಂಡು ಎಡಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಅದು ತಳದಲ್ಲೇ ಮಲಗಿ ಬದುಕುವ ಮೀನು. ಮೇಲಿನ ಮೈ ಕೆಸರಿನ ಬಣ್ಣ, ಕೆಳಗಿನದು ಬಿಳಿ. ದೊಡ್ಡದಾದ ಮೇಲೆ ಕೆನ್ನೆಯ ಪಕ್ಕದ ರೆಕ್ಕೆಯೂ ಇರುವುದಿಲ್ಲ. ಮೈಯನ್ನೇ ಅಲೆಯಾಡಿಸಿ ಮುಂದೆ ಹೋಗುತ್ತದೆ. ಮರಳು, ಕೆಸರು ಮೈಮೇಲೆ ಎಳೆದುಕೊಂಡು ಕಣ್ಣು ಮಾತ್ರ ಹೊರಗಿಟ್ಟು ಬಿದ್ದಿರುತ್ತದೆ, ಅಲ್ಲೇ ಸಿಗುವ ಹುಳು, ಸಣ್ಣಪುಟ್ಟ ಸಿಗಡಿಯಂಥವನ್ನು ತಿನ್ನುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕೆಸರಲ್ಲಿ ಇರುವ ಮೀನಿಗೆ ಕ್ಲೀನಿಂಗೇ ಅರ್ಧ ಅಡುಗೆ. ಮೈಯೆಲ್ಲ ಲೋಳೆ, ಮೇಲಿನ ಬದಿಯ ಹುರುಪೆ ಒರಟು. ಇಲ್ಲಿ ಹಿತ್ತಲಲ್ಲಿ ಅಕ್ಕ ಒಬ್ಬರು ಕೂತು, ತಲೆಯ ಹತ್ತಿರ ಸಣ್ಣಗೆ ಕೊಯ್ದು, ಬೆರಳಿಗೆ ಉಪ್ಪು ಹಚ್ಚಿಕೊಂಡು ಸಿಪ್ಪೆಯನ್ನು ಬಾಲದ ತನಕ ಒಂದೇ ಎಳೆತಕ್ಕೆ ಸುಲಿಯುತ್ತಾರೆ. ನೋಡುವುದಕ್ಕೇ ಒಂದು ಖುಷಿ. ಉಡುಪಿಯ ಇನ್ನೊಂದು ದೊಡ್ಡ ಹೋಟೆಲಿನಲ್ಲಿ, ಹೆಸರು ಬೇಡ ಬಿಡಿ, ಸಿಪ್ಪೆ ಸಮೇತ ಕರಿದು ಕೊಟ್ಟಿದ್ದರು. ಮಣ್ಣಿನ ವಾಸನೆ, ಒಳಗೆಲ್ಲ ಮೆತ್ತಗೆ, ಬಿಲ್ಲು ಮಾತ್ರ ಜೋರು.

ಇಲ್ಲಿಯ ಮಸಾಲೆ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ, ಅಷ್ಟೇ. ರವೆ ಹಾಕುವುದಿಲ್ಲ. ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ನಿಧಾನವಾಗಿ ಕಾಯಿಸುತ್ತಾರೆ. ಅವಸರ ಮಾಡಿದರೆ "ಈಗ ತೆಗೆದ್ರೆ ಪುಡಿಯಾಗ್ತದೆ ಮಾರಾಯ್ರೇ, ಕೂತ್ಕೊಳ್ಳಿ" ಅಂತ ಬೈಸಿಕೊಳ್ಳಬೇಕು. ನಿಜವೇ, ನಂಗಿನ ಮಾಂಸ ತುಂಬ ಮೆದು. ತಟ್ಟೆಗೆ ಬಂದಾಗ ಅಂಚಿನ ರೆಕ್ಕೆ ಮುಳ್ಳೆಲ್ಲ ಗರಿಗರಿ, ಹಾಗೇ ಅಗಿಯಬಹುದು. ತಿನ್ನುವ ಕ್ರಮವೂ ಸುಲಭ: ನಡುಗೆರೆಯ ಮೇಲೆ ಹೆಬ್ಬೆರಳು ಒತ್ತಿ ಮಾಂಸವನ್ನು ಎರಡು ಕಡೆಗೆ ಸರಿಸಿ, ತಲೆ ಹಿಡಿದು ಎತ್ತಿ. ಬೆನ್ನಮುಳ್ಳು ಇಡೀ ಒಂದೇ ತುಂಡಾಗಿ ಬರುತ್ತದೆ, ಕೆಳಗಿನ ಪದರ ತಟ್ಟೆಯಲ್ಲೇ ಉಳಿಯುತ್ತದೆ. ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು. ಬಂಗುಡೆಯಷ್ಟು ಗಟ್ಟಿ ರುಚಿ ನಿರೀಕ್ಷಿಸಬೇಡಿ, ಇದು ಸೌಮ್ಯ, ಸ್ವಲ್ಪ ಸಿಹಿ. ಕುಚ್ಚಲಕ್ಕಿ ಅನ್ನಕ್ಕೆ ಹೇಳಿ ಮಾಡಿಸಿದ್ದು.

ಪುಳಿಮುಂಚಿ, ಅಂದರೆ ಹುಳಿ-ಖಾರದ ಮೀನು ಸಾರು, ನನಗೆ ಅಷ್ಟು ಹಿಡಿಸಲಿಲ್ಲ, ಹುಳಿ ಮುಂದೆ ಮೀನಿನ ರುಚಿಯೇ ಕಾಣುವುದಿಲ್ಲ. ಕಾಣೆ ಫ್ರೈ ಸುಮಾರು. ಅದಕ್ಕಾಗಿ ಇಲ್ಲಿಯ ತನಕ ಬರಬೇಡಿ. ಸೆಕೆ ಬೇರೆ, ಇರುವುದು ಒಂದೇ ಫ್ಯಾನು.

ಹೋಗುವುದಾದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಮಳೆಗಾಲ ಕಳೆಯುವಾಗ ನಂಗು ಗುಂಪುಗುಂಪಾಗಿ ದಡದ ಕಡೆ ಆಳ ಕಡಿಮೆ ಇರುವಲ್ಲಿಗೆ ಬರುತ್ತದೆ, ಬುಟ್ಟಿಗಟ್ಟಲೆ ಸಿಗುತ್ತದೆ. ಜೂನ್, ಜುಲೈನಲ್ಲಿ ಟ್ರಾಲಿಂಗ್ ನಿಷೇಧ, 61 ದಿನ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ. ಆಗ ಇಲ್ಲಿ ಒಣ ನಂಗಿನ ಚಟ್ನಿ ಮಾಡುತ್ತಾರೆ, ಕೆಂಡದಲ್ಲಿ ಸುಟ್ಟು ತೆಂಗಿನಕಾಯಿ, ಮೆಣಸು ಸೇರಿಸಿ ಕುಟ್ಟಿದ್ದು. ಗಂಜಿ ಜೊತೆ ಕೇಳಿ ಹಾಕಿಸಿಕೊಳ್ಳಿ, ತಾವಾಗಿ ಬಡಿಸುವುದಿಲ್ಲ.

ಕಾರ್ಡ್ ನಡೆಯುವುದಿಲ್ಲ, ಯುಪಿಐ ಆಗುತ್ತದೆ. ಮಧ್ಯಾಹ್ನ ಒಂದು ಗಂಟೆಯ ಒಳಗೆ ಹೋಗಿ. ಎರಡೂವರೆ ದಾಟಿದರೆ ಅನ್ನ, ಸಾರು ಮಾತ್ರ ಉಳಿದಿರುತ್ತದೆ.