ಪಿಯು ವಿಜ್ಞಾನದ ಪುನರಾವರ್ತನೆಗೆ ಆ್ಯಪ್ ಕೊಳ್ಳುವ ಮುನ್ನ

ದ್ವಿತೀಯ ಪಿಯು ವಿಜ್ಞಾನ ಓದುತ್ತಿರುವ ನನ್ನ ಮಗಳಿಗಾಗಿ ಒಂದು ಆನ್‌ಲೈನ್ ಆ್ಯಪ್‌ನ ವಾರ್ಷಿಕ ಕೋರ್ಸ್ ಕೊಂಡೆವು. ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಮೂರಕ್ಕೂ ಇದೊಂದೇ ಸಾಕೆಂದು ಮಾರಾಟ ಪ್ರತಿನಿಧಿ ಭರವಸೆ ಕೊಟ್ಟಿದ್ದರು. ಆ ಮಾತು ಸುಳ್ಳಾಯಿತು. ಬೇರೆ ಪೋಷಕರಿಗೆ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ರಾಷ್ಟ್ರಮಟ್ಟದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಕಡಿತಗೊಳಿಸಿದಾಗ ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದಿಂದ ಘನಸ್ಥಿತಿ, ಪಾಲಿಮರ್ ಮುಂತಾದ ಅಧ್ಯಾಯಗಳು ಹೋದವು, ನಮ್ಮ ಪಿಯು ಪಠ್ಯದಲ್ಲೂ ಅವು ಈಗಿಲ್ಲ. ಆದರೂ ಈ ಆ್ಯಪ್‌ನ ದಿನದ ಅಭ್ಯಾಸದಲ್ಲಿ ಬಿಸಿಸಿ ರಚನೆಯ (ಹರಳಿನಲ್ಲಿ ಕಣಗಳ ಒಂದು ಬಗೆಯ ಜೋಡಣೆ) ಪ್ಯಾಕಿಂಗ್ ದಕ್ಷತೆ ಎಷ್ಟು ಎಂಬಂಥ, ಕೈಬಿಟ್ಟ ಘನಸ್ಥಿತಿ ಅಧ್ಯಾಯದ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತಿದ್ದವು. ಪಠ್ಯದ ಹೊರಗಿನವೆಂಬ ಕಾರಣಕ್ಕೆ 2024ರ ಸಿಇಟಿಯ 50 ಪ್ರಶ್ನೆಗಳನ್ನು ಪರೀಕ್ಷಾ ಪ್ರಾಧಿಕಾರವೇ ಮೌಲ್ಯಮಾಪನದಿಂದ ಕೈಬಿಡಬೇಕಾಗಿ ಬಂದ ಮೇಲೂ ಇವರು ತಮ್ಮ ಪ್ರಶ್ನೆಗಳನ್ನು ಪರಿಷ್ಕರಿಸಿರಲಿಲ್ಲ.

ಗಣಿತದಲ್ಲಿ ಆದ ನಷ್ಟ ಇನ್ನೂ ದೊಡ್ಡದು. ಇಂಟಿಗ್ರೇಷನ್‌ನ ಐದು ಅಂಕದ ಪ್ರಶ್ನೆಯಲ್ಲಿ ಸೂತ್ರವನ್ನು ಸಾಧಿಸಿ, ಆಮೇಲೆ ಅದನ್ನು ಬಳಸಿ ಲೆಕ್ಕ ಬಿಡಿಸಬೇಕು. ಮೌಲ್ಯಮಾಪಕರು ಹಂತಹಂತಕ್ಕೂ ಅಂಕ ಕೊಡುತ್ತಾರೆ. ಆ್ಯಪ್‌ನಲ್ಲಿ ಇದ್ದದ್ದು ನಾಲ್ಕು ಆಯ್ಕೆ, ಒಂದು ಹಸಿರು ಗುರುತು, ಕೆಳಗೆ ಎರಡು ಸಾಲಿನ ‘ಶಾರ್ಟ್‌ಕಟ್’. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಗಳ ಉತ್ತರಗಳು ಸರಿಯಿದ್ದರೂ ನಡುವಿನ ಹಂತಗಳಿಲ್ಲದೆ ಅಂಕ ಕಳೆದುಹೋದವು. ವರ್ಷವಿಡೀ ಶ್ರಮಪಟ್ಟ ಹುಡುಗಿ ಅಂದು ಕುಗ್ಗಿಹೋದದ್ದನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಕೋರ್ಸ್ ರದ್ದು ಮಾಡಿ ಎಂದು ಕೇಳಿದಾಗಲೇ ಇನ್ನೊಂದು ಸಂಗತಿ ಹೊರಬಿತ್ತು: ಪ್ರತಿನಿಧಿ ‘ತಿಂಗಳ ಕಂತು’ ಎಂದಷ್ಟೇ ಹೇಳಿದ್ದು ನಿಜವಾಗಿ ಒಂದು ಹಣಕಾಸು ಸಂಸ್ಥೆ ನಮ್ಮ ಹೆಸರಿನಲ್ಲಿ ಕೊಟ್ಟ ಸಾಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಡಿಜಿಟಲ್ ಸಾಲದ ಮುಖ್ಯಾಂಶಗಳ ಪತ್ರ ಸಾಲ ಪಡೆಯುವವರ ಕೈಗೆ ಮೊದಲೇ ಬರಬೇಕು. ಆರಂಭದ ನಿಗದಿತ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನಗಳ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಲೂ ಅವಕಾಶವಿರಬೇಕು. ಆ ಪತ್ರ ಓದದೆ ಯಾರಿಗೂ ಒಟಿಪಿ ಹೇಳಬೇಡಿ.

ಹಣ ಕಟ್ಟುವ ಮೊದಲು ಆ್ಯಪ್‌ನ ಅಧ್ಯಾಯಗಳ ಪಟ್ಟಿಯನ್ನು ಈ ವರ್ಷದ ಪಠ್ಯಪುಸ್ತಕದ ಪರಿವಿಡಿಯ ಪಕ್ಕದಲ್ಲಿಟ್ಟು ನೋಡಿ, ಐದು ಅಂಕದ ಒಂದು ಲೆಕ್ಕವನ್ನು ಅದು ಪೂರ್ತಿ ಬಿಡಿಸಿ ತೋರಿಸುತ್ತದೆಯೇ ಎಂದು ಪರೀಕ್ಷಿಸಿ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ; ಮಗಳು ಈಗ ಅವುಗಳಿಂದಲೇ ಅಭ್ಯಾಸ ಮಾಡುತ್ತಿದ್ದಾಳೆ. ಈಗಾಗಲೇ ಸಿಕ್ಕಿಹಾಕಿಕೊಂಡಿರುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಪ್ರತಿನಿಧಿಯ ವಾಟ್ಸ್ಆ್ಯಪ್ ಸಂದೇಶಗಳನ್ನು ಮಾತ್ರ ಅಳಿಸಬೇಡಿ.