ಸುಸ್ತಿಗೆ ವಿಟಮಿನ್ ಮಾತ್ರೆ: ದೀರ್ಘ ಬಳಕೆಯ ವಿಮರ್ಶೆ

ಬಿಟ್ಟೂಬಿಡದ ಸುಸ್ತು ಅಂದರೆ ಮೆಡಿಕಲ್ ಶಾಪಿನಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ನಾಲ್ಕು ಬಗೆ: ಬಿ12, ಡಿ3, ಕಬ್ಬಿಣ, ಇಲ್ಲವೇ ಎಲ್ಲ ಸೇರಿದ ಮಲ್ಟಿವಿಟಮಿನ್. ಮೊದಲ ಮೂರು ಕೆಲಸ ಮಾಡುತ್ತವೆ, ಆದರೆ ರಕ್ತದಲ್ಲಿ ಆಯಾ ಅಂಶ ಕಡಿಮೆ ಇದ್ದವರಿಗೆ ಮಾತ್ರ. ನಾಲ್ಕನೆಯದು ನುಂಗಿದ ದಿನವೇ ಮೂತ್ರ ಗಾಢ ಹಳದಿಯಾಗುತ್ತದೆ. ಅದು ಹೆಚ್ಚಾದ ಬಿ2 ಹೊರಹೋಗುವ ಬಣ್ಣ, ಶಕ್ತಿ ಬಂದ ಗುರುತಲ್ಲ.

ಆದ್ದರಿಂದ ಮೊದಲ ಖರ್ಚು ಪರೀಕ್ಷೆಗಿರಲಿ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, 25-ಹೈಡ್ರಾಕ್ಸಿ ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆಯ ಮೂರು ತಿಂಗಳ ಸರಾಸರಿ). ಮಾತ್ರೆ ಶುರುಮಾಡಿದ ಮೇಲೆ ಬಿ12 ಪರೀಕ್ಷೆ ಮಾಡಿಸಿದರೆ ಅಂಕಿ ಏರಿಬಿಟ್ಟಿರುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ.

ಬಿ12ಗೆ 5ರಲ್ಲಿ 4.5 ಅಂಕ. ಸಸ್ಯಾಹಾರಿಗಳಿಗೂ, ಸಕ್ಕರೆ ಕಾಯಿಲೆಗೆಂದು ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ ನುಂಗುವವರಿಗೂ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200–300 ಇದ್ದರೆ ಹೋಮೋಸಿಸ್ಟೀನ್ (ಬಿ12 ಸಾಲದಿದ್ದಾಗ ರಕ್ತದಲ್ಲಿ ಏರುವ ಅಂಶ) ಕೂಡ ನೋಡಿಸುವುದು ಲೇಸು. ದಿನಕ್ಕೆ ದೇಹಕ್ಕೆ ಬೇಕಾದ್ದು ಸುಮಾರು 2 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದು 1,500. ಇದು ಅತಿಯೆನಿಸಬಹುದು. ಹೊಟ್ಟೆಯ ಸಹಜ ಹೀರುವ ವ್ಯವಸ್ಥೆ ಕೆಟ್ಟಿದ್ದರೂ ದೊಡ್ಡ ಪ್ರಮಾಣದ ಶೇ. 1ರಷ್ಟು ತಾನಾಗಿ ರಕ್ತಕ್ಕೆ ಇಳಿಯುತ್ತದೆ. ಆ 1 ಭಾಗಕ್ಕಾಗಿಯೇ ಈ ಲೆಕ್ಕ. 15 ಮೈಕ್ರೋಗ್ರಾಂ ಇರುವ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲ್‌ನಿಂದ ಅಂಥವರ ಕೊರತೆ ತುಂಬುವುದಿಲ್ಲ. ರಕ್ತಹೀನತೆ ಸರಿಹೋಗಲು ಆರರಿಂದ ಎಂಟು ವಾರ ಬೇಕು, ಪಾದದ ಜುಮುಜುಮು ಇಳಿಯಲು ತಿಂಗಳುಗಳು.

ಕೊಳ್ಳುವಾಗ ಸ್ಟ್ರಿಪ್‌ನ ಹಿಂಬದಿ ಓದಲೇಬೇಕು. ಮೀಥೈಲ್‌ಕೋಬಾಲಮಿನ್ (ಬಿ12ನ ಒಂದು ರೂಪ) ಹೆಸರು ದೊಡ್ಡದಾಗಿದ್ದು, ಜೊತೆಗೆ ಪ್ರೆಗಾಬಾಲಿನ್ ಸೇರಿಸಿದ ಮಾತ್ರೆಗಳು ಬೇಕಾದಷ್ಟಿವೆ. ಅದು ನರದ ನೋವಿನ ಔಷಧ, ತೂಕಡಿಕೆ ಅದರ ಅಡ್ಡಪರಿಣಾಮ. ಸುಸ್ತು ಕಳೆಯಲೆಂದು ಅದನ್ನು ನುಂಗಿದರೆ ಮಧ್ಯಾಹ್ನವೆಲ್ಲ ನಿದ್ದೆ. ಬಿ6 ಹೆಚ್ಚಿನ ಪ್ರಮಾಣದಲ್ಲಿರುವ ಮಾತ್ರೆಯನ್ನೂ ದೀರ್ಘಕಾಲ ಎಳೆಯಬೇಡಿ. ಅತಿಯಾದರೆ ಅದೇ ಕೈಕಾಲು ಜೋಮು ಹಿಡಿಸುತ್ತದೆ.

ಡಿ3 60,000 ಐಯು ಸ್ಯಾಚೆಟ್ ಅಥವಾ ಕ್ಯಾಪ್ಸೂಲ್‌ಗೆ 3.5. ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಎಂದು ಬರೆದುಕೊಡುವುದು ರೂಢಿ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಇದು; ಖಾಲಿ ಹೊಟ್ಟೆಗೆ ಬೇಡ, ತುಪ್ಪ-ಎಣ್ಣೆ ಇರುವ ಊಟದ ಮೇಲೆ ತೆಗೆದುಕೊಳ್ಳಿ. ಮೈಕೈ ನೋವಿನ ಜೊತೆಗಿನ ಸುಸ್ತಿಗೆ ಇದರಿಂದ ಅನುಕೂಲವಾಗುತ್ತದೆ, ಬರೀ ಸುಸ್ತಿಗೆ ಅಷ್ಟಕ್ಕಷ್ಟೆ. ದೊಡ್ಡ ಎಡವಟ್ಟು, ವಾರದ ಡೋಸನ್ನು ದಿನವೂ ನುಂಗುವುದು. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಕ್ಯಾಲೆಂಡರಿನಲ್ಲಿ ವಾರಕ್ಕೊಂದು ದಿನ ಗುರುತು ಹಾಕಿ, ಪ್ರತಿ ಭಾನುವಾರ ಎಂಬಂತೆ.

ಕಬ್ಬಿಣಕ್ಕೆ ಪರಿಣಾಮದಲ್ಲಿ 5, ಸಹಿಸಿಕೊಳ್ಳುವುದರಲ್ಲಿ 2. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳಕಚ್ಚಿರುವ ಹೆಣ್ಣುಮಕ್ಕಳ ಸುಸ್ತಿಗೆ, ಅದರಲ್ಲೂ ಮುಟ್ಟಿನ ಸ್ರಾವ ಹೆಚ್ಚಿರುವವರಿಗೆ, ಇದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಆದರೆ ಮಲ ಕಪ್ಪಗಾಗುತ್ತದೆ (ಹೆದರಬೇಕಿಲ್ಲ), ಹೊಟ್ಟೆ ಕಟ್ಟುತ್ತದೆ. ಒಂದು ಡೋಸ್ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಹೆಚ್ಚು ಸಿಗುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ. ನಿಮ್ಮ ವೈದ್ಯರನ್ನು ಈ ಬಗ್ಗೆ ಕೇಳಿ. ನಿಂಬೆರಸದ ಜೊತೆ ನುಂಗಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರವಿಡಿ. ರಾಗಿಮುದ್ದೆ ಊಟದ ಜೊತೆಗೂ ಬೇಡ, ರಾಗಿಯ ಫೈಟೇಟ್ ಮತ್ತು ಟ್ಯಾನಿನ್ ಕಬ್ಬಿಣವನ್ನು ಹಿಡಿದಿಡುತ್ತವೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸದಿದ್ದರೆ ದಾಸ್ತಾನು ತುಂಬದೆ ಸುಸ್ತು ಮರಳುತ್ತದೆ.

ಮಲ್ಟಿವಿಟಮಿನ್, ಜೆಲ್ಲಿಯಂತೆ ಅಗಿಯುವ ಗಮ್ಮಿಗಳಿಗೆ 1.5. ಅನೇಕ ಗಮ್ಮಿಗಳಲ್ಲಿ ಕಬ್ಬಿಣವೇ ಇರುವುದಿಲ್ಲ, ಸಕ್ಕರೆ ಇರುತ್ತದೆ. ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) ಜಾಸ್ತಿ ಹಾಕಿದವು ಇನ್ನೊಂದು ತೊಡಕು: ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಬಯೋಟಿನ್ ಬಗ್ಗೆ ಎಚ್ಚರಿಸಿದೆ. ರಕ್ತ ಕೊಡುವ ಎರಡು-ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಎಲ್ಲ ವರದಿಯೂ ಸರಿಯಿದ್ದು, ಆರು ತಿಂಗಳು ದಾಟಿದ ಸುಸ್ತು ಸಣ್ಣ ಕೆಲಸ ಮಾಡಿದ ಮರುದಿನ ಇಮ್ಮಡಿಯಾಗುತ್ತಿದ್ದರೆ ಅದು ಎಂಇ/ಸಿಎಫ್‌ಎಸ್ (ದೀರ್ಘಕಾಲದ ಸುಸ್ತಿನ ಕಾಯಿಲೆ) ಇರಬಹುದು. ವಿಟಮಿನ್‌ಗಳು ಅದನ್ನು ಗುಣಪಡಿಸುತ್ತವೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಅಂಥವರು ಹೊಸ ಸ್ಟ್ರಿಪ್ ಕೊಳ್ಳುವ ಬದಲು, ಯಾವ ಕೆಲಸದ ನಂತರ ಎಷ್ಟು ಹೊತ್ತಿಗೆ ಕುಸಿದಿರಿ ಎಂದು ಎರಡು ವಾರ ಬರೆದಿಟ್ಟು, ಆ ಹಾಳೆಯನ್ನು ಫಿಸಿಶಿಯನ್‌ಗೆ ತೋರಿಸಿ.