ಶುದ್ಧ ರಿಷಭ ಎಂದರೆ ಯಾವುದು? ಹಾಸನದಲ್ಲಿ ಕೂತು ಹಿಂದೂಸ್ತಾನಿ ಕೋರ್ಸ್ ಮಾಡುವವರಿಗೆ

ಕೋರ್ಸ್: ಅಪ್ರಿಶಿಯೇಟಿಂಗ್ ಹಿಂದೂಸ್ತಾನಿ ಮ್ಯೂಸಿಕ್. ಪಾಠ ಲಕ್ಷ್ಮೀ ಶ್ರೀರಾಮ್ ಅವರದು, ಐಐಟಿ ಮದ್ರಾಸ್‌ನಿಂದ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್‌ನಲ್ಲಿ, ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್ ಮೂಲಕ ಸಿಗುತ್ತದೆ. ಪಾಠದ ಭಾಷೆ ಇಂಗ್ಲಿಷ್.

ಹಾಡುವುದನ್ನು ಕಲಿಯಬೇಕೆಂದು ಇದಕ್ಕೆ ಸೇರಬೇಡಿ. ಇಲ್ಲಿ ಯಾರೂ ನಿಮ್ಮ ಶ್ರುತಿ ತಿದ್ದುವುದಿಲ್ಲ. ಹಾಡಿಕೆಯಲ್ಲೇ ಪದವಿ ಬೇಕಿದ್ದರೆ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಕಡೆ ನೋಡಿ. ಇದು ಕಿವಿ ತಯಾರಾಗುವ ಕೋರ್ಸ್, ಆ ಕೆಲಸಕ್ಕೆ ಒಳ್ಳೆಯದೇ.

ಆದರೆ ನಮ್ಮ ಜಿಲ್ಲೆಯ ಕಿವಿ ಬೇರೆ, ಅದು ಕರ್ನಾಟಕ ಸಂಗೀತದ್ದು. ಆ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು ರುದ್ರಪಟ್ಟಣ ಇರುವುದು ಅರಕಲಗೂಡು ತಾಲ್ಲೂಕಿನಲ್ಲಿ. ಇಲ್ಲಿ ಸಂಗೀತ ಪಾಠವೆಂದರೆ ಮಾಯಾಮಾಳವಗೌಳ ರಾಗದ ಸರಳೆಯಿಂದಲೇ, ಅಂದರೆ ಮೊದಲ ಸ್ವರಾಭ್ಯಾಸದಿಂದಲೇ ಶುರು. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಪಾಸಾದವರು ಈ ಕೋರ್ಸ್ ಸಲೀಸು ಅಂದುಕೊಳ್ಳುತ್ತಾರೆ. ಏನೂ ಕಲಿಯದವರಿಗಿಂತ ಎಡವುವುದು ಅವರೇ, ಅದೂ ಹೆಸರುಗಳಲ್ಲಿ.

ಮೊದಲ ಗುಂಡಿ 'ಶುದ್ಧ'. ರಿಷಭವೆಂದರೆ 'ರಿ' ಸ್ವರ. ನಮ್ಮ, ಅಂದರೆ ಕರ್ನಾಟಕ ಸಂಗೀತದ ಶುದ್ಧ ರಿಷಭ ಅವರಿಗೆ, ಅಂದರೆ ಹಿಂದೂಸ್ತಾನಿಯವರಿಗೆ ಕೋಮಲ (ತಗ್ಗಿಸಿದ) ರಿಷಭ. ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ ರಿಷಭ. ಧೈವತಕ್ಕೂ ('ಧ') ಇದೇ ಲೆಕ್ಕ. ಶುದ್ಧ ಮಧ್ಯಮ ('ಮ') ಮಾತ್ರ ಎರಡೂ ಕಡೆ ಒಂದೇ, ಆಮೇಲೆ ನಮ್ಮ ಪ್ರತಿಮಧ್ಯಮಕ್ಕೆ ಅವರು ತೀವ್ರ (ಏರಿಸಿದ) ಮಧ್ಯಮ ಎನ್ನುತ್ತಾರೆ. ಇಷ್ಟನ್ನು ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಇಲ್ಲದಿದ್ದರೆ ಭೈರವ್ ರಾಗದ ರಿ, ಧ ಎರಡೂ ಕೋಮಲ ಎಂದಾಗ ಅದು ನಿಮ್ಮದೇ ಮಾಯಾಮಾಳವಗೌಳದ ಸ್ವರಗಳೆಂದು ಹೊಳೆಯುವುದೇ ಇಲ್ಲ.

ಎರಡನೆಯದು ರಾಗದ ಹೆಸರು. ಯಮನ್ ಎಂದರೆ ಕಲ್ಯಾಣಿಯ ಸ್ವರ, ಭೂಪ್ ಎಂದರೆ ಮೋಹನ. ಇವು ತೊಂದರೆ ಕೊಡುವುದಿಲ್ಲ. ಕಾಟ ಕೊಡುವುದು ಒಂದೇ ಹೆಸರಿನ ಬೇರೆ ರಾಗಗಳು. ಅವರ ತೋಡಿಯಲ್ಲಿರುವುದು ನಮ್ಮ ಶುಭಪಂತುವರಾಳಿಯ ಸ್ವರಗಳು. ನಮ್ಮ ತೋಡಿಯ ಸ್ವರಗಳು ಸಿಗುವುದು ಅವರ ಭೈರವಿಯಲ್ಲಿ. ನಮ್ಮ ಹಿಂದೋಳ ಅವರ ಮಾಲ್‌ಕೌಂಸ್. ಅವರ ಹಿಂದೋಲ್‌ನಲ್ಲಿ ತೀವ್ರ ಮಧ್ಯಮ ಬರುತ್ತದೆ, ಅದು ಬೇರೆಯೇ ರಾಗ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನಾಲ್ಕು ಹೆಸರೂ ಪರಿಚಿತವಾಗಿ ಕಂಡು, ಗೊತ್ತಿದ್ದದ್ದೇ ಕೈಕೊಡುತ್ತದೆ. ಸ್ವರ ಒಂದೇ ಆದರೂ ರಾಗ ಒಂದೇ ಅಲ್ಲ ಎಂಬುದೂ ನೆನಪಿರಲಿ: ಕಲ್ಯಾಣಿಯ ಗಮಕ (ಸ್ವರವನ್ನು ತೂಗಾಡಿಸುವ ರೀತಿ) ಹಿಡಿದು ಯಮನ್ ಕೇಳಿದರೆ ನಿಂತ ಸ್ವರಗಳೆಲ್ಲ ಸಪ್ಪೆ ಅನಿಸುತ್ತವೆ.

ತಾಳದಲ್ಲಿ ಬೆರಳು ಎಣಿಸುವ ಅಭ್ಯಾಸ ಸ್ವಲ್ಪ ಬಿಡಬೇಕು. ತೀನ್‌ತಾಲ್ 16 ಮಾತ್ರೆ, ಅಂದರೆ 16 ಎಣಿಕೆ. 1, 5, 13ಕ್ಕೆ ಘಾತ (ಚಪ್ಪಾಳೆ), 9ಕ್ಕೆ ಖಾಲಿ, ಅಂದರೆ ನಮ್ಮ ಹುಸಿಯಂತೆ ಕೈ ತೆರೆಯುವುದು. ಇದು ಬೇಗ ಕೂರುತ್ತದೆ. ವಿಲಂಬಿತ (ನಿಧಾನಗತಿಯ) ಏಕ್‌ತಾಲ್ ಮಾತ್ರ ಬೆವರಿಳಿಸುತ್ತದೆ: 12 ಮಾತ್ರೆಯೇ, ಆದರೆ ತೀರಾ ನಿಧಾನದಲ್ಲಿ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) ಒಂದು ನಿಮಿಷವೇ ಹಿಡಿಯಬಹುದು. ಆದಿತಾಳದ ಕೈ ಅಲ್ಲಿ ದಾರಿ ತಪ್ಪುತ್ತದೆ. ತಬಲಾ ಕೇಳಿ. 'ಧಾಗೆ ತಿರಕಿಟ' ಎಂಬ ತಬಲಾ ಬೋಲು ಆವರ್ತದಲ್ಲಿ ಎರಡು ಸಲ ಬರುತ್ತದೆ, 3-4ರಲ್ಲಿ ಮತ್ತು 9-10ರಲ್ಲಿ. ಎರಡನೆಯದರ ನಂತರ ಎರಡೇ ಮಾತ್ರೆ, ಆಮೇಲೆ ಸಮ, ಅಂದರೆ ಆವರ್ತದ ಮೊದಲ ಮಾತ್ರೆ. ಗಾಯಕರು ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮಕ್ಕೆ ಬಂದು ಇಳಿಯುವುದು ಒಮ್ಮೆ ಸಿಕ್ಕರೆ ಖಯಾಲ್, ಅಂದರೆ ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರ, ಅರ್ಧ ಸಿಕ್ಕಂತೆ.

ಮೊಬೈಲ್ ಸ್ಪೀಕರಿನಲ್ಲಿ ಕೇಳುವುದು ಸಮಯ ದಂಡ. ತಂಬೂರದ ಮಂದ್ರ, ತಬಲಾದ ಎಡಗೈ ನಾದ ಎರಡೂ ಅದರಲ್ಲಿ ಬರುವುದಿಲ್ಲ. ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ಜುಲೈ ಬ್ಯಾಚಿಗೆ ಸೇರುವ ಸಕಲೇಶಪುರ, ಮೂಡಿಗೆರೆ ಕಡೆಯವರು ವಾರದ ವಿಡಿಯೊಗಳನ್ನು ಮೊದಲೇ ಇಳಿಸಿಕೊಳ್ಳಿ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಅಸೈನ್‌ಮೆಂಟಿನ ಗಡುವು ಕಾಯುವುದಿಲ್ಲ.

ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆ, ಸಾಮಾನ್ಯವಾಗಿ 1000 ರೂಪಾಯಿ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬೇರೆ ಬೇರೆಯಾಗಿ ಬರಬೇಕು. ಒಂದರಲ್ಲಿ ಕಡಿಮೆಯಾದದ್ದನ್ನು ಇನ್ನೊಂದು ತುಂಬಿಕೊಡುವುದಿಲ್ಲ. ಕೆಲವು ಅಸೈನ್‌ಮೆಂಟ್ ತಪ್ಪಿದರೂ ಉತ್ತಮ ಅಂಕದವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಗಾಬರಿ ಬೇಡ. ಕೋರ್ಸಿಗೆ ಸೇರಿದ್ದು ಪರೀಕ್ಷೆಗೆ ನೋಂದಾಯಿಸಿದಂತಲ್ಲ, ಅದಕ್ಕೆ ಬೇರೆ ಅರ್ಜಿ, ಬೇರೆ ಕೊನೆಯ ದಿನಾಂಕ. ಪರೀಕ್ಷೆ ಮನೆಯಲ್ಲಲ್ಲ, ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಅರ್ಜಿ ತುಂಬುವಾಗ ಊರುಗಳ ಪಟ್ಟಿ ನೋಡಿ, ಬೆಳಿಗ್ಗೆಯ ಬಸ್ಸಿಗೆ ಹೊರಟು ತಲುಪಬಹುದಾದದ್ದನ್ನೇ ಮೊದಲ ಆಯ್ಕೆಗೆ ಹಾಕಿ.